ರಕ್ತದೊತ್ತಡವೂ ನಮ್ಮ ಆತುರವೂ

ಮುಂಬಯಿಯಲ್ಲಿ ನೆಲೆಸಿದ ನಮಗೆ ಆತುರವೆಂಬುದು ಹುಟ್ಟುಗುಣವಲ್ಲ. ಲೋಕಲ್ ಗಾಡಿ ಕಲಿಸಿದ ವಿದ್ಯೆ. ಈ ವಿದ್ಯೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಮಾತ್ರ ಆಸ್ಪತ್ರೆಯೇ ನಮಗೆ ಕಲಿಸಬೇಕಾಯಿತು.

ನೆರೆಮನೆಗೆ ಧಾರವಾಡದಿಂದ ಅಜ್ಜನವರು ಬಂದಿದ್ದರು. ರಕ್ತದೊತ್ತಡದ ಗುಳಿಗೆ ಊರಲ್ಲೇ ಉಳಿದಿತ್ತು. "ಮಗಗ ಸುಮ್ಮ ಖರ್ಚ್ಯಾಕ" ಎಂದು ಯಾರಿಗೂ ಹೇಳಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ರಾತ್ರಿ ತಲೆ ಸಿಡಿಯುವ ನೋವು, ವಾಂತಿ, ಕಣ್ಣು ಮಂಜು. ನಾವೆಲ್ಲ ಕೂಡಿ ತುರ್ತು ಚಿಕಿತ್ಸೆಗೆ ಒಯ್ದೆವು. ಯಂತ್ರ 220/130 ತೋರಿಸಿತು.

ಡಾಕ್ಟರು ಮರಾಠಿಯವರು. ಅಜ್ಜನವರು ನಿರರ್ಗಳವಾಗಿ ಮಾತಾಡುತ್ತಲೇ ಇದ್ದರು. ಆದರೆ ಮಗನನ್ನು ತೀರಿಹೋದ ತಮ್ಮನೆಂದು ತಿಳಿದು "ಎತ್ತಿಗೆ ನೀರ ಕುಡಿಸಿದೇನಪಾ?" ಎಂದು ಕೇಳುತ್ತಿದ್ದುದು ಕನ್ನಡ ಬಲ್ಲ ನಮಗಷ್ಟೇ ತಿಳಿಯಿತು. ಅದನ್ನು ಹೇಳಿದೊಡನೆ ಡಾಕ್ಟರು ತಲೆಯ ಸ್ಕ್ಯಾನಿಗೆ ಕಳಿಸಿದರು. ಪುಣ್ಯಕ್ಕೆ ರಕ್ತಸ್ರಾವವಿರಲಿಲ್ಲ, ಒತ್ತಡದಿಂದಲೇ ಮೆದುಳು ಊದಿಕೊಂಡಿತ್ತು.

"ಬೇಗ ಇಳಿಸಿರಿ" ಎಂದು ಮಗ ಅಂಗಲಾಚಿದ. ಡಾಕ್ಟರೆಂದರು: "ಇಳಿಸುತ್ತೇವೆ. ಆದರೆ ಮಾಳಿಗೆಯಿಂದ ಮೆಟ್ಟಿಲ ಮೇಲೆ ಇಳಿಸಬೇಕು, ಕಿಟಕಿಯಿಂದಲ್ಲ."

ಬಹುಕಾಲ ಹೆಚ್ಚಿನ ಒತ್ತಡಕ್ಕೆ ಒಗ್ಗಿದ ಮೆದುಳಿನ ರಕ್ತನಾಳಗಳು, ಅದು ಒಮ್ಮೆಲೇ ಕುಸಿದರೆ ಸಾಕಷ್ಟು ರಕ್ತ ಸಾಗಿಸಲಾರವು. ಆದುದರಿಂದ ಸಾಮಾನ್ಯವಾಗಿ ಮೊದಲ ಗಂಟೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಳಿಸುವುದಿಲ್ಲ. ಮುಂದಿನ 2ರಿಂದ 6 ಗಂಟೆಗಳಲ್ಲಿ 160/100ರ ಸಮೀಪ. ಉಳಿದುದು ಒಂದೆರಡು ದಿನಗಳಲ್ಲಿ. ಔಷಧವನ್ನು ನರದ ಮೂಲಕ ಹನಿಹನಿಯಾಗಿ ಕೊಡುವುದು, ಬೇಕೆಂದಾಗ ಹೆಚ್ಚುಕಡಿಮೆ ಮಾಡಲೆಂದೇ. ಹೃದಯದಿಂದ ಹೊರಡುವ ಮಹಾಧಮನಿ ಸೀಳಿದಂಥ ಕೆಲವು ಸ್ಥಿತಿಗಳಲ್ಲಿ ಬೇಗನೆ ಇಳಿಸಬೇಕು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಪಾರ್ಶ್ವವಾಯುವಿನಲ್ಲಿ ಎಷ್ಟೋ ಸಲ ಮೊದಲಿಗೆ ಇಳಿಸುವುದೇ ಇಲ್ಲ. ನಿಫೆಡಿಪಿನ್ ಗುಳಿಗೆಯನ್ನು ಒಡೆದು ನಾಲಿಗೆಯಡಿ ಹಾಕುವ ರೂಢಿ ಹಿಂದೆ ಬಹಳವಿತ್ತು. ಒತ್ತಡ ಥಟ್ಟನೆ ಬಿದ್ದು ಪಾರ್ಶ್ವವಾಯು, ಹೃದಯಾಘಾತಗಳಾದುದನ್ನು ಕಂಡು, ಅದನ್ನು ನಿಲ್ಲಿಸಬೇಕೆಂದು 1996ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ತಜ್ಞರು ಬರೆದರು.

ಇನ್ನೊಂದು ಮಾತು. ಅಂಕೆಯೊಂದೇ ಅಪಾಯವಲ್ಲ. 180/120 ಮೀರಿದ್ದರೂ ಬೇರೆ ತೊಂದರೆಯಿಲ್ಲದವರನ್ನು ಕುಳ್ಳಿರಿಸಿ, ಮತ್ತೆ ಅಳೆದು, ಬಹುಮಟ್ಟಿಗೆ ಗುಳಿಗೆ ಸರಿಪಡಿಸಿಯೇ ಕಳಿಸುತ್ತಾರೆ. ಅದರೊಡನೆ ಎದೆನೋವು, ಏದುಸಿರು, ಕಣ್ಣು ಮಂಜಾಗುವಿಕೆ, ಮಾತಿನ ತೊದಲು, ಕೈಕಾಲಿನ ಬಲಹೀನತೆ, ಗಲಿಬಿಲಿ ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಲೋಕಲ್ ಗಾಡಿಯ ವಿದ್ಯೆ ಅಲ್ಲಿಯವರೆಗೆ ಬೇಕು; ಬಾಗಿಲು ದಾಟಿದ ಮೇಲೆ ತಾಳ್ಮೆ ಬೇಕು.

ಅಜ್ಜನವರು ಮೂರನೆಯ ದಿನ ಮಗನನ್ನು ಮಗನೆಂದೇ ಕರೆದರು. ವಾಚಕರಲ್ಲಿ ನಮ್ಮದೊಂದು ಬಿನ್ನಹ: ಹಿರಿಯರ ಔಷಧಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದು ಅವರ ಕಿಸೆಯಲ್ಲಿರಲಿ. ಊರಿನಿಂದ ಬಂದವರ ಚೀಲದಲ್ಲಿ ಪೇಡೆಯ ಪೊಟ್ಟಣ ಹುಡುಕುವ ಮೊದಲು ಗುಳಿಗೆಯ ಪೊಟ್ಟಣ ಹುಡುಕೋಣ.