ಸೂಜಿಮೊನೆಯಷ್ಟು ಎಣ್ಣೆ

ರಾಯಚೂರಿನ ಬೇಸಿಗೆಯ ಮಧ್ಯಾಹ್ನ, ಉಂಡ ಮೇಲೆ ಮನುಷ್ಯಮಾತ್ರರು ಮಾಡಬಹುದಾದ ಕೆಲಸ ನಿದ್ದೆಯೊಂದೇ. ನಮ್ಮ ಸೋದರಮಾವ ಮಾತ್ರ ಪಡಸಾಲೆಯಲ್ಲಿ ಹಳೇ ಪಂಚೆ ಹಾಸಿ, ತಗಡಿನ ಪುಟ್ಟ ರೈಲು ಡಬ್ಬಿಗಳನ್ನು ಅಂಗಾತ ಮಲಗಿಸಿಕೊಂಡು ಕೂರುತ್ತಿದ್ದರು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಮಾಡತೊಡಗಿದ, ಕೀಲಿ ಕೊಟ್ಟರೆ ಓಡುವ ಜಾತಿಯ ರೈಲು. ಮುಂಬಯಿಯ ಚೋರ್ ಬಜಾರಿನಲ್ಲಿ ಮಾವನಿಗೆ ಅಗ್ಗಕ್ಕೆ ಸಿಕ್ಕಿತ್ತು. ಹಳಿ ಇಲ್ಲದ್ದಕ್ಕೇ ಅಗ್ಗ.

ಹಳಿಯಿಲ್ಲದ ರೈಲಿನ ಗಾಲಿಗೆ ಆ ಪರಿಯ ಆರೈಕೆ! ಮೊದಲು ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲಿನ ಎಳೆಗಳನ್ನು ಚಿಮಟದಿಂದ ಬಿಡಿಸುವುದು. ಗಾಲಿಯ ಅಂಚಿಗೆ ಮೆತ್ತಿದ ಕರೀ ಕಿಟ್ಟವನ್ನು ಬಿದಿರುಕಡ್ಡಿಯಿಂದ ಕೆರೆದು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು. ಆಮೇಲೆ ಅತ್ತೆಯ ಹೊಲಿಗೆ ಮಷಿನ್ನಿನ ಎಣ್ಣೆ, ಅಚ್ಚಿನ ತುದಿಗೆ ಮಾತ್ರ, ಸೂಜಿಮೊನೆಯಲ್ಲಿ ನಿಂತಷ್ಟು. "ಹೊಟ್ಟಿ ತುಂಬ ಕುಡಿಸಬ್ಯಾಡ ತಮ್ಮಾ, ಎಣ್ಣಿ ಹೆಚ್ಚಾದಲ್ಲಿ ಧೂಳು ನೆಂಟಸ್ತನ ಮಾಡತೈತಿ" ಎನ್ನುತ್ತಿದ್ದರು. ಪ್ಲಾಸ್ಟಿಕ್ ಗಾಲಿಯಾದರೆ ಎಣ್ಣೆ ಬೇಡ, ಪೆನ್ಸಿಲ್ ಸೀಸದ ಪುಡಿ ಸಾಕು.

ಪರೀಕ್ಷೆಗೆ ಸಮತಟ್ಟು ಜಾಗ ಬೇಕಲ್ಲ, ಗೋಡೆಯ ಮೇಲಿನ ಮದುವೆಯ ಫೋಟೊ ಕೆಳಗಿಳಿಯುತ್ತಿತ್ತು. ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ನೂಕಿದರೆ ಡಬ್ಬಿ ಅತ್ತೆಯ ಮುಖ ದಾಟಿ ಮಾವನ ಪೇಟದ ಬಳಿ ನಿಲ್ಲಬೇಕು. ಬಾಸಿಂಗದಲ್ಲೇ ನಿಂತರೆ ಮತ್ತೆ ಸೂಜಿ. "ನನ್ನ ಮೊಣಕಾಲೂ ಕಿರ್ ಅಂತಾವ, ಒಂದು ಹನಿ ಅಲ್ಲಿಗೂ ಹಾಕ್ರಿ" ಎಂದು ಅತ್ತೆ ಒಳಗಿನಿಂದಲೇ ಅನ್ನುತ್ತಿದ್ದರು.

ಮಾವ ಹುಟ್ಟಿದ್ದು ರೈಲೇ ಇಲ್ಲದ ದೇವದುರ್ಗದಲ್ಲಿ. ಸುಟ್ಟ ಹುಲ್ಲಿನ ಮಸಿ ಬೆರೆಸಿದ ಹರಳೆಣ್ಣೆಯೇ ಕೀಲೆಣ್ಣೆಯಾಗಿದ್ದ ಕಾಲ. ಅಪ್ಪನ ಬಂಡಿಯ ಅಚ್ಚಿಗೆ ಅದನ್ನು ಹಚ್ಚುತ್ತ ಬೆಳೆದವರು ರಾಯಚೂರು ಸ್ಟೇಷನ್ನಿನಲ್ಲಿ ಗಾಡಿ ಪರೀಕ್ಷೆಯ ಕೆಲಸಕ್ಕೆ ಸೇರಿದರು. 1871ರಲ್ಲಿ ಬೊಂಬಾಯಿ ಕಡೆಯ ಜಿಐಪಿ ಮತ್ತು ಮದ್ರಾಸ್ ರೈಲ್ವೆ ರಾಯಚೂರಲ್ಲಿ ಕೂಡಿದ್ದನ್ನು ಅವರು ಬೀಗರೂಟಕ್ಕೆ ಹೋಗಿಬಂದವರಂತೆ ವರ್ಣಿಸುತ್ತಿದ್ದರು. ಗಾಡಿ ನಿಂತ ಕೂಡಲೇ ಉದ್ದಕ್ಕೂ ನಡೆಯುವುದು, ಸುತ್ತಿಗೆಯಿಂದ ಗಾಲಿ ತಟ್ಟಿ ನಾದ ಕೇಳುವುದು, ಅಚ್ಚಿನ ಪೆಟ್ಟಿಗೆ ಮುಟ್ಟಿ ಬಿಸಿ ನೋಡುವುದು. ಆ ಪೆಟ್ಟಿಗೆಗಳಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿನೂಲು ತುರುಕಿರುತ್ತಿತ್ತು; ಅದು ಒಣಗಿದರೆ ಅಚ್ಚು ಕಾದು ಕೆಂಪಾಗುವುದೇ. ರೋಲರ್ ಬೇರಿಂಗ್ ಬಂದ ಮೇಲೆ ಎಣ್ಣೆ ಡಬ್ಬಿಗೆ ಕೆಲಸ ತಪ್ಪಿತು. ಡಬ್ಬಿ ಹಿಡಿದ ಕೈಗೆ ಅದನ್ನು ಯಾರೂ ತಿಳಿಸಿರಲಿಲ್ಲ. 1676 ಮಿಲಿಮೀಟರ್ ಹಳಿಯ ಶಿಸ್ತನ್ನೆಲ್ಲ ಆ ಕೈ 32 ಮಿಲಿಮೀಟರ್ ಹಳಿಯ ಗಾಲಿಗಳಿಗೆ ಸುರಿಯಿತು.

ಅತ್ತೆ ಹೋದ ಮೇಲೆ ಮಷಿನ್ ಯಾರಿಗೋ ಕೊಟ್ಟರು, ಎಣ್ಣೆ ಬಾಟಲಿ ಕೊಡಲಿಲ್ಲ. ಫೋಟೊ ಮತ್ತೆ ಗೋಡೆಯಿಂದ ಇಳಿದದ್ದನ್ನು ನಾನು ಕಾಣೆ. ಪರೀಕ್ಷೆಗೆ ಒಂದು ಪಾಟಿ ಬಂತು. ಅದರ ಮೇಲೆ ಡಬ್ಬಿ ಸಲೀಸಾಗಿಯೇ ಓಡುತ್ತಿತ್ತು. ಎಲ್ಲಿ ನಿಲ್ಲಬೇಕೆಂಬ ಕಟ್ಟಳೆ ಮಾತ್ರ ಇರಲಿಲ್ಲ.

2024ರಲ್ಲಿ ಸಿಂಧನೂರಿನವರೆಗೆ ರೈಲು ಬಂದಾಗ ಮಾನ್ವಿಯ ನೆಂಟನೊಬ್ಬ ಹಿಗ್ಗಿಕೊಂಡು ಬಂದ. "ಇನ್ನೇನು ಮಾವಾ, ನಮ್ಮೂರಿಗೂ ಬರತೈತಿ. ಬಂದ ದಿನ ನಿಮ್ಮನ್ನ ಕರಕೊಂಡು ಹೋಗ್ತೀನಿ."

"ಎಣ್ಣಿ ಡಬ್ಬಿ ತರಲೇನು?"

"ಈಗಿನ ಗಾಡಿಗೆ ಎಣ್ಣಿ ಎಲ್ಲಿ ಹಾಕ್ತಾರ ಮಾವಾ!"

"ಇರಲಿ ಬಿಡು, ಮುಟ್ಟಿ ನೋಡ್ತೀನಿ. ಅಷ್ಟು ದೂರದಿಂದ ಬಂದಿರತಾವ, ಬಿಸಿ ಆಗ್ಯಾವೋ ಏನೋ."