ಜಳಕದ ತೊಟ್ಟಿ

ಭಾಲ್ಕಿಯ ನಮ್ಮಕ್ಕ ಹಳೆಯ ಬಚ್ಚಲು ಒಡೆಸಿ ಹೊಸದು ಕಟ್ಟಿಸುತ್ತಿದ್ದಾಳೆ. ಬಿಸಿನೀರಿನಲ್ಲಿ ಕಾಲು ಚಾಚಿ ಅರ್ಧ ತಾಸು ಕೂತರೆ ಅವಳ ಮೊಣಕಾಲು ನೋವಿಗೆ ಹಿತ. ಅದಕ್ಕೆಂದೇ ಪುಣೆಯಲ್ಲಿರುವ ಮಗ ಟಬ್ ಕೊಡಿಸಲು ನಿಂತಿದ್ದಾನೆ. ಗೋಡೆಗೆ ಅಂಟದೆ, ಕಟ್ಟೆಯ ಆಸರೆಯಿಲ್ಲದೆ ತಾನೇ ನಿಲ್ಲುವಂಥದ್ದು. ಅಕ್ರಿಲಿಕ್, ಬೀಡುಕಬ್ಬಿಣ, ಕಲ್ಲು, ತಾಮ್ರ ಎಂದು ಫೋಟೋ ಕಳಿಸಿದ. ಅಕ್ಕ ಅದನ್ನೆಲ್ಲ ನನಗೆ ದಾಟಿಸಿ, "ಯಾವ್ದು ತಗೋಬೇಕು ನೀನೇ ಹೇಳೋ ತಮ್ಮಾ" ಎಂದಳು.

ನನ್ನ ಮನಸ್ಸು ಮೊದಲು ಹೋದದ್ದು ಕಲ್ಲಿನ ಕಡೆಗೆ. ಬೀದರಿನಲ್ಲಿ ಬೆಳೆದವನಿಗೆ ಬೇರೆ ಹೇಗೆ ಸಾಧ್ಯ? ಊರು ಕೂತಿರುವುದೇ ಜಂಬಿಟ್ಟಿಗೆಯ ಹಾಸಿನ ಮೇಲೆ. ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ಆ ಕೆಂಪು ಕಲ್ಲಿನಲ್ಲೇ 15ನೇ ಶತಮಾನದ ಬಹಮನಿಗಳ ಕೋಟೆ ಎದ್ದಿತು. ಆದರೆ ಅದು ನೀರನ್ನು ಹಿಡಿದಿಡುವ ಕಲ್ಲಲ್ಲ, ದಾಟಿಸುವ ಕಲ್ಲು. ಅದರ ಸೂಕ್ಷ್ಮ ತೂತುಗಳಲ್ಲಿ ಇಳಿದ ಮಳೆನೀರು ಅಡಿಯ ಕರಿಕಲ್ಲಿಗೆ ಬಡಿದು ಪಕ್ಕಕ್ಕೆ ಸರಿಯುತ್ತದೆ, ನರಸಿಂಹ ಝರಣಿಯಲ್ಲೂ ಗುರುನಾನಕ ಝೀರಾದಲ್ಲೂ ಹೊರಬೀಳುತ್ತದೆ. ನೌಬಾದಿನ ಸುರಂಗ ಬಾವಿ, ಅಂದರೆ ಮೂರು ಕಿಲೋಮೀಟರಿಗೂ ಉದ್ದದ ಆ ಕರೇಜ್, ಇದೇ ಗುಣವನ್ನು ನಂಬಿ ತೋಡಿದ್ದು. ಊರಿಗೆ ನೀರು ಕೊಟ್ಟ ಗುಣ ತೊಟ್ಟಿಗೆ ಆಗಿಬರುವುದಿಲ್ಲ.

ಹಾಗಿದ್ದರೆ ಕರಿಕಲ್ಲು? ಔರಾದಿನ ಸೋದರಮಾವನ ಅಂಗಳದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಕಲ್ಲಬಾನಿ ಇದೆ. ಒಂದು ಕಾಲಕ್ಕೆ ಅವರ ದೇವಣಿ ಎತ್ತುಗಳು ಅದರಲ್ಲಿ ನೀರು ಕುಡಿಯುತ್ತಿದ್ದವು. ದನದ ಬಾನಿಯಲ್ಲಿ ಮನುಷ್ಯರ ಜಳಕವೇ ಎನ್ನಬೇಡಿ. 1883ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಮೈಕೇಲ್ ಕೊಹ್ಲರ್ ದನ-ಕುದುರೆಗಳ ಬೀಡಿನ ಬಾನಿಗೇ ಎನಾಮೆಲ್ ಬಳಿದು, ನಾಲ್ಕು ಕಾಲು ಹಚ್ಚಿ ಸ್ನಾನದ ತೊಟ್ಟಿಯೆಂದು ಮಾರಿದ್ದ. ನನ್ನನ್ನು ತಡೆದದ್ದು ಲೆಕ್ಕ. ಬೀದರ ಸೀಮೆಯ ಚಳಿಗೆ ರಾತ್ರಿಯಿಡೀ ತಣ್ಣಗಾದ ಕಲ್ಲು ಬೆಳಿಗ್ಗೆ 15 ಡಿಗ್ರಿ ಇದೆಯೆನ್ನಿ, ತೂಕ 600 ಕಿಲೋ. ಅದಕ್ಕೆ 40 ಡಿಗ್ರಿಯ 180 ಲೀಟರ್ ನೀರು ಸುರಿದರೆ, ಕಲ್ಲು ತನ್ನ ಪಾಲಿನ ಶಾಖ ಹೀರಿದ ಮೇಲೆ ಎರಡೂ 30ರ ಹತ್ತಿರ ನಿಲ್ಲುತ್ತವೆ. ಮೊಣಕಾಲಿಗೆ ಸಿಗಬೇಕಾದ ಬಿಸಿ ಬಂಡೆಯ ಪಾಲಾಗುತ್ತದೆ. ಕೋಟೆಯ ಶಾಹಿ ಹಮಾಮಿನಂಥ ಕಡೆ ಕಲ್ಲು ಸಲ್ಲುತ್ತದೆ, ಏಕೆಂದರೆ ಹಮಾಮಿನಲ್ಲಿ ಕಟ್ಟಡವನ್ನೇ ಕಾಯಿಸುತ್ತಾರೆ. ಭಾಲ್ಕಿಯ ಬಚ್ಚಲಿಗೆ ಅಷ್ಟು ಉರುವಲು ಎಲ್ಲಿಯದು?

ತಾಮ್ರದ ಮೇಲೆ ಅಕ್ಕನಿಗೆ ಮಮತೆ. ಅವ್ವನ ಹಂಡೆಯನ್ನು ಈಗಲೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಹಂಡೆಗೆ ತಾಮ್ರವೇ ಸೈ, ಒಲೆಯ ಕಾವನ್ನು ಅದು ತಡವಿಲ್ಲದೆ ನೀರಿಗೆ ಮುಟ್ಟಿಸುತ್ತದೆ. ಒಲೆಯಿಲ್ಲದ ತೊಟ್ಟಿಯಲ್ಲಿ ಅದೇ ತಾಮ್ರ ನೀರಿನ ಕಾವನ್ನು ಅಷ್ಟೇ ಧಾರಾಳವಾಗಿ ಹೊರಗಿನ ಗಾಳಿಗೆ ಕೊಡುತ್ತದೆ. ಬೆಲೆಯ ಮಾತು ಆಮೇಲಿನದು.

ಬೀಡುಕಬ್ಬಿಣದ್ದು ಗಟ್ಟಿ, ಒಪ್ಪುತ್ತೇನೆ. ಆದರೆ 150 ಕಿಲೋ ತೊಟ್ಟಿ, 180 ಲೀಟರ್ ನೀರು, ಕೂತವರ ಭಾರ ಸೇರಿದರೆ ನಾಲ್ಕು ಕ್ವಿಂಟಲ್ ಸಮೀಪಿಸುತ್ತದೆ, ಅದೂ ನಾಲ್ಕು ಕಾಲಿನ ಮೇಲೆ. ಮಣ್ಣು-ಮರದ ಹಳೆಯ ಮಾಳಿಗೆಯ ಮೇಲೆ ಅದನ್ನು ಇಡುವ ಮಾತೇ ಬೇಡ. ಇನ್ನೊಂದು ತೊಡಕು ಬೋರ್‌ವೆಲ್ ನೀರಿನದು. ಗಡಸು ನೀರಿನ ಬಿಳಿ ಕರೆಗೆ ನಮ್ಮಲ್ಲಿ ಬಾಟಲಿ ಬಾಟಲಿ ಆಸಿಡ್ ಸುರಿಯುತ್ತಾರೆ. ಆಸಿಡ್ ಎನಾಮೆಲ್‌ನ ಹೊಳಪನ್ನು ತಿನ್ನುತ್ತದೆ; ಒಮ್ಮೆ ಚಕ್ಕೆ ಎದ್ದರೆ ಒಳಗಿನ ಕಬ್ಬಿಣಕ್ಕೆ ತುಕ್ಕು.

ಉಳಿದದ್ದು ಅಕ್ರಿಲಿಕ್, ನಾನು ಹೇಳಿದ್ದೂ ಅದನ್ನೇ. ಐವತ್ತು ಕಿಲೋದೊಳಗೆ ಸಿಗುತ್ತದೆ, ಇಬ್ಬರು ಎತ್ತಿ ಒಳಗೆ ತರಬಹುದು. ಮುಟ್ಟಿದರೆ ಚಳಿ ಹೊಡೆಯುವುದಿಲ್ಲ. ತಾನೇ ನಿಲ್ಲುವ ಮಾದರಿಗಳಿಗೆ ಸಾಮಾನ್ಯವಾಗಿ ಎರಡು ಗೋಡೆ, ನಡುವೆ ಗಾಳಿ, ಹಾಗಾಗಿ ಬಿಸಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಸಣ್ಣ ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯಬಹುದು. ಕೊಳ್ಳುವಾಗ ತಳವನ್ನು ಅಂಗೈಯಿಂದ ಒತ್ತಿ ನೋಡಬೇಕು, ಬಳುಕಿದರೆ ಬಿಟ್ಟುಬಿಡಬೇಕು.

ಅಳತೆಯ ವಿಷಯದಲ್ಲಿ ಮಾತ್ರ ಮಗನಿಗೂ ನನಗೂ ವಾದವಾಯಿತು. ಆರಡಿಯದು ಅವನಿಗೆ ಇಷ್ಟ. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆಂದು ಇಟ್ಟ ಗುರಿ 55 ಲೀಟರ್. 180 ಲೀಟರಿನ ಒಂದು ಜಳಕವೆಂದರೆ ಮೂವರ ಇಡೀ ದಿನದ ನೀರು. ಭಾಲ್ಕಿ ತಾಲ್ಲೂಕಿನಲ್ಲೇ ಕಾರಂಜಾ ಜಲಾಶಯವಿದೆ ನಿಜ, ಆದರೆ ಮಳೆ ಕೈಕೊಟ್ಟ ವರ್ಷ ಔರಾದಿನ ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರಿಗೆ ಕಾಯುವುದನ್ನು ನಾನು ನೋಡಿದ್ದೇನೆ. ನಾಲ್ಕೂವರೆ ಅಡಿ ಸಾಕು, ಸೊಂಟದವರೆಗೆ ನೀರು ಸಾಕು, ವಾರಕ್ಕೊಮ್ಮೆ ಸಾಕು ಎಂದು ಹಟ ಹಿಡಿದೆ. ಗೀಸರ್ ಲೆಕ್ಕವೂ ನನ್ನ ಕಡೆಗೇ ವಾಲಿತು: 65 ಡಿಗ್ರಿಗೆ ಕಾದ 25 ಲೀಟರಿಗೆ ತಣ್ಣೀರು ಬೆರೆಸಿದರೆ ಹದವಾದ ನೀರು 55 ಲೀಟರಿನಷ್ಟೇ ಆಗುತ್ತದೆ. ದೊಡ್ಡ ತೊಟ್ಟಿಗೆ ಅದು ಮೂರಕ್ಕೂ ಹೆಚ್ಚು ಸಲ ಕಾಯಬೇಕು.

ಇನ್ನು ಗೌಂಡಿಗೆ ಹೇಳುವುದಿದೆ. ಇಂಥ ತೊಟ್ಟಿಗಳ ಅಂಚು ಎರಡಡಿಯ ಆಸುಪಾಸು ಎತ್ತರ ಇರುತ್ತದೆ, ನೋಯುವ ಕಾಲು ಎತ್ತಿ ದಾಟುವುದು ಸುಲಭವಲ್ಲ. ಅಂಚು ತಗ್ಗಾಗಿರುವುದನ್ನೇ ಹುಡುಕಬೇಕು, ಅದನ್ನು ಗೋಡೆಗೆ ಒಂದು ಕೈಯಳತೆಯಲ್ಲಿ ಇಡಬೇಕು. ಗೋಡೆಯಲ್ಲಿ ಸ್ಟೀಲಿನ ಹಿಡಿಕೆ ಬೇಕು, ಟೈಲ್ಸ್‌ಗೆ ಅಂಟಿಸಿದ್ದಲ್ಲ, ಇಟ್ಟಿಗೆಯವರೆಗೆ ಬೋಲ್ಟ್ ಇಳಿದದ್ದು. ತೊಟ್ಟಿಯ ನೀರು ಹಿತ್ತಿಲ ಬಾಳೆಗೆ ಹೋಗುವಂತೆ ಪೈಪಿನ ಇಳಿಜಾರನ್ನು ನೆಲ ಹಾಸುವ ಮೊದಲೇ ಕೊಡಬೇಕು.