ವಯನಾಡಿನ ಕಾಡುದಾರಿ ಮತ್ತು ಮೈಗೆ ಹಚ್ಚುವ ಔಷಧಿ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಮುತ್ತಂಗ ತಲುಪಿದರೆ ವಯನಾಡು. ಫೆಬ್ರವರಿಯಲ್ಲಿ ಪಳ್ಳಿಕ್ಕುನ್ನಿನ ಲೂರ್ದು ಮಾತೆಯ ಹಬ್ಬಕ್ಕೆ ಬರುವ ಕುಟುಂಬಗಳು ಕಾಡಿನ ಸೊಬಗನ್ನೂ ನೋಡಿಕೊಂಡು ಹೋಗುವುದುಂಟು.

ಆದರೆ ಡಿಸೆಂಬರ್‌ನಿಂದ ಮೇವರೆಗೆ ಕಾಡಿನಲ್ಲಿ ಉಣುಗಿನ ಕಾಟ ಹೆಚ್ಚು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2015ರಲ್ಲಿ ವಯನಾಡಿನಲ್ಲೂ ಜೀವಗಳನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವುದು ಉಣುಗೇ. ಆದ್ದರಿಂದ ಕಾಡಿಗೆ ಕಾಲಿಡುವ ಮುನ್ನ ಕೀಟ ದೂರವಿಡುವ ಔಷಧಿ ಹಚ್ಚುವುದು ಒಳ್ಳೆಯದು.

ತೊಂದರೆ ಏನೆಂದರೆ, ಬೆವರಿನ ಮೈಗೆ ಜಿಗುಟು ತಾಗಿದರೆ ಮಕ್ಕಳು ಕೂಡಲೇ ಒರೆಸಿಬಿಡುತ್ತಾರೆ. 1946ರಲ್ಲಿ ಅಮೆರಿಕದ ಸೇನೆಗಾಗಿ ಬಂದ ಡೀಟ್ ಪರಿಣಾಮಕಾರಿ. ಆದರೆ ಎಣ್ಣೆಯಂತಿದ್ದು ವಾಸನೆ ಬೀರುತ್ತದೆ, ಕನ್ನಡಕದ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಅದರ ಪ್ರಮಾಣ ಹೆಚ್ಚಿದಷ್ಟೂ ರಕ್ಷಣೆಯ ಅವಧಿ ಹೆಚ್ಚುತ್ತದೆ. ಆದರೆ ಶೇಕಡಾ 50 ದಾಟಿದರೆ ಹೆಚ್ಚಿನ ಲಾಭವಿಲ್ಲ. ಇಕಾರಿಡಿನ್‌ಗೆ ವಾಸನೆ ಕಡಿಮೆ, ಜಿಡ್ಡೂ ಕಡಿಮೆ, ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ. ಶೇಕಡಾ 20ರ ದ್ರಾವಣ ಉಣುಗು, ಸೊಳ್ಳೆ ಎರಡನ್ನೂ ದೂರವಿಡುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು, ಪ್ರಮಾಣ ಎರಡನ್ನೂ ಓದಿರಿ.

ಬಿಸಿಲಿನ ಕ್ರೀಮ್ ಹಚ್ಚುವುದಾದರೆ ಅದು ಮೊದಲು, ಔಷಧಿ ಆಮೇಲೆ. ಬಟ್ಟೆಯ ಒಳಗೆ, ಗಾಯದ ಮೇಲೆ, ಮಕ್ಕಳ ಅಂಗೈಗೆ ಬೇಡ. ಉದ್ದ ತೋಳಿನ ಹತ್ತಿಬಟ್ಟೆ ತೊಟ್ಟರೆ ಹಚ್ಚಬೇಕಾದ ಜಾಗವೂ ಕಡಿಮೆ, ಉರಿಯೂ ಕಡಿಮೆ. ಮರಳಿ ಬಂದ ಮೇಲೆ ಸಾಬೂನಿನಿಂದ ತೊಳೆದು, ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಇದೆಯೇ ಎಂದು ನೋಡಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಲು ಮರೆಯದಿರಿ.

ಎಷ್ಟೇ ಬಲವಾದ ಔಷಧಿಯಾದರೂ ಡಬ್ಬಿಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಮನೆಮಂದಿ ಬೇಸರವಿಲ್ಲದೆ ಹಚ್ಚಿಕೊಳ್ಳುವಂಥದ್ದನ್ನೇ ಆರಿಸಿರಿ. ದೇವರು ಕೊಟ್ಟ ಕಾಡನ್ನು ನೋಡಿ, ದೇವರು ಕೊಟ್ಟ ಆರೋಗ್ಯದೊಂದಿಗೆ ಮನೆಗೆ ಮರಳಿರಿ.